ಕೊನೆಯ ಏರಿನಿಂದ ಹಿಂದಕ್ಕೆ ಲೆಕ್ಕ ಹಾಕಿ: ಬೆಟ್ಟದ ಹಾದಿಯ ದೂರದ ಸೈಕಲ್ ಸವಾರಿಗೆ ತಯಾರಿ

ಎಲ್ಲರಿಗೂ ನಮಸ್ಕಾರ. ಒಂದೇ ದಿನದಲ್ಲಿ 150ರಿಂದ 180 ಕಿಲೋಮೀಟರ್ ದೂರ, ಒಟ್ಟು 3,000ದಿಂದ 5,000 ಮೀಟರ್ ಏರಿಕೆ ಇರುವ ಸವಾರಿಗೆ ಹೆಸರು ಕೊಟ್ಟಿರುವವರಿಗಾಗಿ ಈ ಮಾತು. ಕೆಲಸ, ಮನೆ ಎಲ್ಲ ನಿಭಾಯಿಸಿಕೊಂಡು ವಾರಕ್ಕೆ ಏಳೆಂಟು ಗಂಟೆ ಸೈಕಲ್ ತುಳಿಯುವ, ಗಡುವಿನೊಳಗೆ ಗುರಿ ಮುಟ್ಟಿದರೆ ಸಾಕು ಎನ್ನುವ ಹವ್ಯಾಸಿಗಳು ನನ್ನ ಕಣ್ಣ ಮುಂದಿದ್ದಾರೆ.

ಇಂಥ ಸವಾರಿಯ ಸ್ವಭಾವ ತಿಳಿಯಲು ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿ ನಡೆಯುವ ಹವ್ಯಾಸಿಗಳ ಸೈಕಲ್ ಸವಾರಿ ಲಾ ಮಾರ್ಮೊಟ್‌ನ ಹೆಸರಾಂತ ಹಾದಿಯನ್ನು ನೋಡಿ. ಗ್ಲಾಂಡಾನ್, ಟೆಲಿಗ್ರಾಫ್, 2,642 ಮೀಟರ್ ಎತ್ತರದ ಗಾಲಿಬಿಯೆ ಘಾಟಿಗಳು, ಇಷ್ಟನ್ನೂ ದಾಟಿದ ಮೇಲೆ ಕೊನೆಗೆ ಆಲ್ಪ್ ದ್ಯುಯೆಜ್. ಒಟ್ಟು ಏರಿಕೆ ಸುಮಾರು 5,000 ಮೀಟರ್. ಆ ಕೊನೆಯ ಏರು 13.8 ಕಿ.ಮೀ. ಉದ್ದ, ಸರಾಸರಿ ಶೇ. 8ರ ಕಡಿದು (ನೂರು ಮೀಟರ್ ಸಾಗಿದರೆ ಎಂಟು ಮೀಟರ್ ಏರಿಕೆ), 21 ತಿರುವು. ಅತಿ ಕಡಿದಾದ ಭಾಗ ಬರುವುದು ಮೊದಲ ಎರಡು ಕಿಲೋಮೀಟರ್‌ನಲ್ಲೇ. ಅಷ್ಟು ಹೊತ್ತಿಗೆ ಕಾಲುಗಳಲ್ಲಿ ಮೂರು ಘಾಟಿಗಳ ದಣಿವು ಕೂತಿರುತ್ತದೆ, ಬಿಸಿಲು ನೆತ್ತಿಗೇರಿರುತ್ತದೆ, ಸಿಹಿ ಕಂಡರೆ ಹೊಟ್ಟೆ ತೊಳಸುತ್ತಿರುತ್ತದೆ.

ನಾನು ಹೇಳಬೇಕೆಂದಿರುವುದು ಒಂದೇ. ಇಂಥ ಸವಾರಿ ಕೈಕೊಡುವುದು ಕೊನೆಯ ಏರಿನಲ್ಲಿ. ಕೈಕೊಡಲು ಕಾರಣ ಮಾತ್ರ ಬಹುತೇಕ ಮೊದಲ ಏರಿನಲ್ಲೋ, ಅದಕ್ಕೂ ಮೂರು ತಿಂಗಳು ಹಿಂದೆ ಗೇರ್ ಆರಿಸಿದ ದಿನವೋ ಹುಟ್ಟಿಕೊಂಡಿರುತ್ತದೆ. ಹಾಗಾಗಿ ತಯಾರಿಯ ಪ್ರತಿಯೊಂದು ತೀರ್ಮಾನಕ್ಕೂ ಒಂದೇ ಪರೀಕ್ಷೆ ಇಡಿ: ಆರು ಗಂಟೆ ತುಳಿದಾದ ಮೇಲೆ, ಕೊನೆಯ ಏರಿನಲ್ಲಿ ಇದು ನಡೆಯುತ್ತದೆಯೇ?

ಗೇರ್‌ನಿಂದಲೇ ಶುರು ಮಾಡೋಣ, ಏಕೆಂದರೆ ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಸವಾರ, ಸೈಕಲ್, ನೀರು, ಸಾಮಾನು ಎಲ್ಲ ಸೇರಿ 80 ಕಿಲೋ ತೂಕ ಎಂದುಕೊಳ್ಳಿ. ಶೇ. 8ರ ಏರಿನಲ್ಲಿ 200 ವ್ಯಾಟ್ ಶಕ್ತಿ ಹಾಕಿದರೆ ಸಿಗುವ ವೇಗ ಗಂಟೆಗೆ ಸುಮಾರು 10 ಕಿ.ಮೀ. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ಗೇರ್‌ನಲ್ಲಿ ಆ ವೇಗಕ್ಕೆ ನಿಮಿಷಕ್ಕೆ 67 ಸುತ್ತು ಪೆಡಲ್ ತಿರುಗಬೇಕು. ಪರವಾಗಿಲ್ಲ, ನಡೆಯುತ್ತದೆ. ಮನೆ ಹತ್ತಿರದ ಗುಡ್ಡ ಹತ್ತಿ ನೋಡಿ "28 ಹಲ್ಲು ಸಾಕು" ಎಂದು ತೀರ್ಮಾನಿಸುವವರು ನೋಡುವುದು ಈ ಅಂಕಿಯನ್ನೇ.

ಈಗ ಅದೇ ಸವಾರನನ್ನು ಕೊನೆಯ ಏರಿಗೆ ತನ್ನಿ. ದಣಿದ ಕಾಲುಗಳಿಂದ 160 ವ್ಯಾಟ್ ಬಂದರೆ ಹೆಚ್ಚು. ವೇಗ 8 ಕಿ.ಮೀ. ಆಸುಪಾಸಿಗೆ ಇಳಿಯುತ್ತದೆ, ಪೆಡಲ್ 54 ಸುತ್ತಿಗೆ ಬರುತ್ತದೆ. ರಸ್ತೆ ಶೇ. 10ಕ್ಕೆ ಏರಿದರೆ ವೇಗ 6.7, ಸುತ್ತು 43 ಅಥವಾ 44. ಆ ಲಯದಲ್ಲಿ ಪ್ರತಿ ತುಳಿತಕ್ಕೂ ತೊಡೆಯ ಸ್ನಾಯು ತನ್ನ ಬಲವನ್ನೆಲ್ಲ ಹಾಕಬೇಕು. ಕೂತು ತುಳಿಯಲಾಗದೆ ನಿಲ್ಲಬೇಕಾಗುತ್ತದೆ. ನಿಂತರೆ ನಾಡಿಬಡಿತ ಏರುತ್ತದೆ. ಹತ್ತು ನಿಮಿಷದಲ್ಲಿ ಸ್ನಾಯು ಹಿಡಿದುಕೊಳ್ಳುತ್ತದೆ. ಹಿಂದೆ 34 ಹಲ್ಲು ಇದ್ದರೆ ಅದೇ ಜಾಗದಲ್ಲಿ 53 ಸುತ್ತು ಸಿಗುತ್ತದೆ, ಶೇ. 8ರ ಕಡೆ 65. ಕೂತೇ ಹತ್ತಬಹುದು. 34ಕ್ಕೆ 34 ಹಲ್ಲಿನ ಗೇರ್ ಇಟ್ಟುಕೊಳ್ಳುವುದು ದೌರ್ಬಲ್ಯದ ಗುರುತು ಎಂಬ ಭಾವನೆ ಇನ್ನೂ ಕೆಲವರಲ್ಲಿದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ಎಂಬತ್ತು ಕಿಲೋಗಿಂತ ಹೆಚ್ಚು ತೂಗುವವರು, ನಿಧಾನವಾಗಿ ಹತ್ತುವವರು ಇದಕ್ಕಿಂತಲೂ ಹಗುರ ಗೇರ್ ಹಾಕಿಸಿಕೊಳ್ಳಿ.

ದೊಡ್ಡ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗುಚ್ಛ, ತಂದು ಸುಮ್ಮನೆ ಕೂರಿಸಿದರೆ ಮುಗಿಯಲಿಲ್ಲ. ಚೈನನ್ನು ಗೇರ್‌ನಿಂದ ಗೇರ್‌ಗೆ ದಾಟಿಸುವ ಹಿಂದಿನ ಡಿರೇಲರ್ ಎಷ್ಟು ಹಲ್ಲಿನವರೆಗೆ ತಡೆದುಕೊಳ್ಳುತ್ತದೆ ಎಂದು ಅದರ ತಯಾರಕರ ವಿವರಪಟ್ಟಿಯಲ್ಲಿ ನೋಡಬೇಕು. ಅಲ್ಲಿ ಎರಡು ಸಂಖ್ಯೆಗಳಿರುತ್ತವೆ. ಒಂದು, ಅತಿ ದೊಡ್ಡ ಹಲ್ಲುಚಕ್ರದ ಮಿತಿ. ಇನ್ನೊಂದು, ಒಟ್ಟು ಸಾಮರ್ಥ್ಯ. ಮುಂದೆ 50 ಮತ್ತು 34, ಹಿಂದೆ 11ರಿಂದ 34 ಇದ್ದರೆ ಮುಂದಿನ ವ್ಯತ್ಯಾಸ 16, ಹಿಂದಿನದು 23, ಒಟ್ಟು 39 ಬೇಕು. ಚೈನ್ ಎಳೆದು ಹಿಡಿಯುವ ಕೆಳತೋಳು ಗಿಡ್ಡವಿರುವ, ಅಂದರೆ ಗಿಡ್ಡ ಕೇಜ್‌ನ ಡಿರೇಲರ್‌ಗೆ ಇದು ಸಾಮಾನ್ಯವಾಗಿ ದಕ್ಕುವುದಿಲ್ಲ. ಉದ್ದ ಕೇಜ್‌ನದು ಬೇಕಾಗುತ್ತದೆ. ಚೈನನ್ನೂ ಉದ್ದ ಮಾಡಬೇಕು. ಹಳೆಯ ಅಳತೆಯ ಚೈನ್ ಇಟ್ಟುಕೊಂಡು ದಣಿವಿನಲ್ಲಿ ಮುಂದೆ ದೊಡ್ಡದು, ಹಿಂದೆ ದೊಡ್ಡದು ಸೇರಿಸಿದಿರೋ, ಡಿರೇಲರ್ ಕಿತ್ತು ಬರುತ್ತದೆ. ಆಮೇಲೆ ಚೈನ್ ಅತಿ ದೊಡ್ಡ ಹಲ್ಲುಚಕ್ರ ದಾಟದಂತೆ ತಡೆಯುವ ಕೆಳಮಿತಿಯ ಸ್ಕ್ರೂ ಸರಿಯಿದೆಯೇ ನೋಡಿ. ಸೈಕಲ್ ಬಲಬದಿಗೆ ಒಮ್ಮೆ ಬಿದ್ದಿದ್ದರೆ ಡಿರೇಲರ್ ನೇತಾಡುವ ಹ್ಯಾಂಗರ್ ಒಳಕ್ಕೆ ಬಾಗಿರಬಹುದು. ಸ್ಟ್ಯಾಂಡ್ ಮೇಲೆ ತಿರುಗಿಸಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಡಿದಾದ ಏರಿನಲ್ಲಿ ಬಲವಾಗಿ ತುಳಿಯುತ್ತಾ ಕೊನೆಯ ಗೇರ್ ಹಾಕಿದ ಕ್ಷಣ ಚೈನ್ ಹಲ್ಲುಚಕ್ರ ದಾಟಿ ಕಡ್ಡಿಗಳೊಳಗೆ ಬೀಳುತ್ತದೆ. ಇಡೀ ದಿನ ನಂಬಿಕೊಂಡು ಬಂದ ಗೇರ್ ಕೈಕೊಡುವುದು ಅದು ಬೇಕಾದ ಜಾಗದಲ್ಲೇ. ಹ್ಯಾಂಗರ್ ನೇರವಿದೆಯೇ ಎಂದು ಮಾಪಕ ಇಟ್ಟು ನೋಡಿಸಿ. ಅದೇ ಮಾದರಿಯ ಇನ್ನೊಂದು ಹ್ಯಾಂಗರ್ ಜೇಬಿನಲ್ಲಿರಲಿ. ತೂಕ ಮೂವತ್ತು ಗ್ರಾಂ ಕೂಡ ಬರುವುದಿಲ್ಲ.

ತೂಕದ ಮಾತು ಬಂತು. ಎಂಬತ್ತು ಕಿಲೋದಲ್ಲಿ ಒಂದು ಕಿಲೋ ಇಳಿಸಿದರೆ ಏರಿನ ಸಮಯ ಶೇ. 1.25ರಷ್ಟು ಇಳಿಯುತ್ತದೆ. ಏರುವುದಕ್ಕೇ ಆರು ಗಂಟೆ ಹಿಡಿಯುವ ಹಾದಿಯಲ್ಲಿ ಅದು ನಾಲ್ಕೂವರೆ ನಿಮಿಷ. ಹಗುರ ಗಾಲಿಗಳಿಗೆ ದುಡ್ಡು ಸುರಿಯುವ ಮುನ್ನ, ನೀರು ತುಂಬುವ ಜಾಗಗಳಲ್ಲಿ ಸುಮ್ಮನೆ ನಿಂತು ಕಳೆಯುವ ಸಮಯ ಲೆಕ್ಕ ಹಾಕಿ. ಐದು ಕಡೆ ಹತ್ತತ್ತು ನಿಮಿಷವೆಂದರೆ ಐವತ್ತು ನಿಮಿಷ.

ಅಭ್ಯಾಸಕ್ಕೆ ಬರೋಣ. ತಳಪಾಯ ಇದ್ದವರಿಗೆ 12 ವಾರ, ಇಲ್ಲದವರಿಗೆ 16 ವಾರ ಬೇಕು. ಮೂರು ವಾರ ಹೆಚ್ಚಿಸುತ್ತಾ ಹೋಗಿ, ನಾಲ್ಕನೆಯ ವಾರ ಪ್ರಮಾಣ ತಗ್ಗಿಸಿ. ವಾರದಲ್ಲಿ ಒಂದು ದೀರ್ಘ ಸವಾರಿ, ಒಂದು ಏರಿನ ಅಭ್ಯಾಸ, ಉಳಿದದ್ದು ಹಗುರ. ಹಗುರ ಎಂದರೆ ನಿಜಕ್ಕೂ ಹಗುರವಾಗಿರಬೇಕು, ಪೂರ್ತಿ ವಾಕ್ಯ ಮಾತಾಡುತ್ತಾ ತುಳಿಯುವಷ್ಟು. ಎಲ್ಲ ದಿನವೂ ಅರೆಬರೆ ಕಷ್ಟದಲ್ಲಿ ತುಳಿಯುವವರು ಕಷ್ಟದ ದಿನದಂದು ಬೇಕಾದಷ್ಟು ಬಲ ಹಾಕಲಾರರು.

ಏರಿನ ಅಭ್ಯಾಸಕ್ಕೆ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಎಡೆಬಿಡದೆ ಹಾಕಬಲ್ಲ ಶಕ್ತಿ, ಗೊತ್ತಿರಬೇಕು. ಇಪ್ಪತ್ತು ನಿಮಿಷ ಪೂರ್ತಿ ಬಲ ಹಾಕಿ ತುಳಿದಾಗ ಬರುವ ಸರಾಸರಿಯ ಶೇ. 95 ತೆಗೆದುಕೊಳ್ಳುವುದು ವಾಡಿಕೆ. ಎಫ್‌ಟಿಪಿಯ ಶೇ. 88ರಿಂದ 94ರಷ್ಟರಲ್ಲಿ ಮೊದಲ ವಾರಗಳಲ್ಲಿ ಹನ್ನೆರಡು ನಿಮಿಷದ ಮೂರು ಸುತ್ತು, ಆಮೇಲೆ ಇಪ್ಪತ್ತು ನಿಮಿಷದ ಎರಡು, ಕೊನೆಗೆ ಇಪ್ಪತ್ತರ ಮೂರು. ತುಳಿತದ ವ್ಯಾಟ್ ಅಳೆಯುವ ಪವರ್ ಮೀಟರ್ ಇಲ್ಲದವರು ಒಂದೇ ಉಸಿರಿನಲ್ಲಿ ನಾಲ್ಕೈದು ಪದ ಮಾತ್ರ ಹೇಳಲಾಗುವ ಮಟ್ಟವನ್ನು ಹಿಡಿದುಕೊಳ್ಳಿ. ಇದರಲ್ಲಿ ಒಂದು ಸುತ್ತನ್ನು ಬೇಕೆಂದೇ ನಿಮಿಷಕ್ಕೆ 60ರಿಂದ 65 ಪೆಡಲ್ ಸುತ್ತಿನ ಲಯದಲ್ಲಿ, ಕೂತೇ ತುಳಿಯಿರಿ. ಕೊನೆಯ ಏರಿನಲ್ಲಿ ನಿಮಗೆ ಸಿಗುವುದು ಅದೇ ಲಯ. ಮೊಣಕಾಲು ನೋಯುವವರು ಮಾತ್ರ ಇದನ್ನು ಬಿಡಬೇಕು.

ಈ ಅಭ್ಯಾಸವನ್ನು ಹೆಚ್ಚಿನವರು ಉಲ್ಲಾಸದ ಕಾಲುಗಳಲ್ಲಿ ಮಾತ್ರ ಮಾಡುತ್ತಾರೆ. ಕೊನೆಯ ಆರು ವಾರಗಳಲ್ಲಿ ಅದನ್ನು ದೀರ್ಘ ಸವಾರಿಯ ಬಾಲಕ್ಕೆ ಕಟ್ಟಿ. ನಾಲ್ಕು ಗಂಟೆ ತುಳಿದು ಬಂದ ಮೇಲೆ ಇಪ್ಪತ್ತು ನಿಮಿಷದ ಒಂದು ಏರು. ಶಕ್ತಿ ಎಷ್ಟು ಇಳಿಯಿತು, ಬೆನ್ನು ಎಲ್ಲಿ ಹಿಡಿಯಿತು, ಆ ಹೊತ್ತಿನಲ್ಲಿ ಬಾಯಿಗೆ ಏನು ರುಚಿಸಿತು, ಮೂರನ್ನೂ ಬರೆದಿಡಿ. ಗಂಟೆಗಟ್ಟಲೆ ತುಳಿದ ನಂತರ ನಿಮ್ಮ ದೇಹ ಹೇಗಿರುತ್ತದೆ ಎಂಬ ಮಾಹಿತಿ ಬೇರೆಲ್ಲೂ ಸಿಗದು. ಅತಿ ದೀರ್ಘ ಸವಾರಿ ನಿಜವಾದ ದಿನದ ಅಂದಾಜು ಸಮಯದ ಮುಕ್ಕಾಲು ಭಾಗದಷ್ಟಿದ್ದರೆ ಸಾಕು, ಅದೂ ಮೂರು ವಾರ ಮೊದಲೇ ಮುಗಿದಿರಲಿ. ಪೂರ್ತಿ ದೂರವನ್ನು ಮೊದಲೇ ತುಳಿದು ನೋಡುವುದರಿಂದ ಸಿಗುವ ಧೈರ್ಯಕ್ಕಿಂತ ಚೇತರಿಕೆಗೆ ಹಿಡಿಯುವ ದಿನಗಳ ನಷ್ಟ ದೊಡ್ಡದು.

ಸಮತಟ್ಟು ಊರಿನವರು ಏನು ಮಾಡಬೇಕು? ನೂರು ಮೀಟರ್ ಎತ್ತರದ ದಿಣ್ಣೆ ಇದ್ದರೂ ಹನ್ನೆರಡು ಸಲ ಹತ್ತಿದರೆ 1,200 ಮೀಟರ್ ಆಯಿತು. ಅದೂ ಇಲ್ಲವೆಂದರೆ ಎದುರುಗಾಳಿಯಲ್ಲಿ ದೊಡ್ಡ ಗೇರ್, ಅಥವಾ ಸೈಕಲ್ ನಿಂತಲ್ಲೇ ತುಳಿಯುವ ಒಳಾಂಗಣ ಟ್ರೈನರ್‌ನಲ್ಲಿ ಮುಂದಿನ ಗಾಲಿಯ ಕೆಳಗೆ ಎತ್ತರ ಕೊಟ್ಟು ತುಳಿಯುವುದು. ಹಾಗೆ ಎತ್ತರಿಸಿದಾಗ ಸೊಂಟದ ಕೋನ ಏರಿನದೇ ಆಗುತ್ತದೆ, ಬೆನ್ನಿನ ಕೆಳಭಾಗಕ್ಕೆ ರೂಢಿಯಾಗುತ್ತದೆ. ಟ್ರೈನರ್ ಕಲಿಸದ ಒಂದು ವಿದ್ಯೆ ಉಳಿಯುತ್ತದೆ, ಅದು ಇಳಿಯುವುದು. ಅದಕ್ಕಾಗಿ ಒಂದೆರಡು ಸಲವಾದರೂ ನಿಜವಾದ ಘಾಟಿಗೆ ಹೋಗಲೇಬೇಕು.

ಕೊನೆಯ ಎರಡು ವಾರ ಒಟ್ಟು ಸಮಯವನ್ನು ಅರ್ಧಕ್ಕೆ ತನ್ನಿ. ಚುರುಕಿನ ಸುತ್ತುಗಳನ್ನು ಚಿಕ್ಕದಾಗಿ ಉಳಿಸಿಕೊಳ್ಳಿ. ಕಾಲು ಭಾರ ಎನ್ನಿಸಿದರೆ ಗಾಬರಿ ಬೇಡ. ಆ ಗಾಬರಿಯಲ್ಲಿ ಕೊನೆಯ ವಾರ ಮಾಡುವ ಉದ್ದದ ಸವಾರಿ ಅಷ್ಟು ತಿಂಗಳ ಶ್ರಮಕ್ಕೆ ನೀರೆರಚುತ್ತದೆ.

ಆಹಾರದ ಲೆಕ್ಕ ನೇರ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ (ದೇಹದ ಸಕ್ಕರೆಯ ದಾಸ್ತಾನು) ಒಟ್ಟು 400ರಿಂದ 500 ಗ್ರಾಂ, ಅಂದರೆ 2,000 ಕಿಲೋ ಕ್ಯಾಲರಿಯ ಆಸುಪಾಸು. ಸರಾಸರಿ 160 ವ್ಯಾಟ್‌ನಲ್ಲಿ ತುಳಿದರೂ ಗಂಟೆಗೆ ಸುಮಾರು 580 ಕಿಲೋ ಕ್ಯಾಲರಿ ಖರ್ಚು. ಕೊಬ್ಬು ಒಂದು ಪಾಲನ್ನು ಭರಿಸುತ್ತದೆ. ವೇಗ ಹೆಚ್ಚಿದಷ್ಟೂ ಆ ಪಾಲು ಕುಗ್ಗುತ್ತದೆ. ಉಳಿದದ್ದನ್ನು ದಾರಿಯಲ್ಲೇ ತುಂಬಿಕೊಳ್ಳಬೇಕು. ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್ ಎಲ್ಲರೂ ಇಟ್ಟುಕೊಳ್ಳಬಹುದಾದ ಗುರಿ. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಕರುಳು ಹೀರಿಕೊಳ್ಳುವ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಫ್ರಕ್ಟೋಸ್ ಒಳಹೋಗುವ ಹಾದಿ ಬೇರೆಯಾದ್ದರಿಂದ ಎರಡನ್ನೂ ಬೆರೆಸಿದರೆ 90 ಗ್ರಾಂವರೆಗೆ ಏರಿಸಬಹುದು. ಅದಕ್ಕೆ ಕರುಳಿಗೆ ವಾರಗಳ ರೂಢಿ ಬೇಕು. ರೂಢಿಯಿಲ್ಲದೆ 90ಕ್ಕೆ ಹಾರಿದರೆ ಹೊಟ್ಟೆ ಉಬ್ಬರಿಸಿ ವಾಂತಿಯಾಗುತ್ತದೆ.

ಮನೆಯಲ್ಲೇ ಪಾನೀಯ ಮಾಡಿಕೊಳ್ಳುವುದಾದರೆ ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಒಂದೂವರೆ ಗ್ರಾಂ ಉಪ್ಪು. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಇರುತ್ತದೆ. ಅಷ್ಟು ಉಪ್ಪಿನಿಂದ ಸಿಗುವ ಸೋಡಿಯಂ ಸುಮಾರು 590 ಮಿಲಿಗ್ರಾಂ. ಅತಿ ಸಿಹಿ ಎನ್ನಿಸಿದರೆ ಅರ್ಧ ಸಕ್ಕರೆಯ ಬದಲು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಸಿಹಿ ಕಡಿಮೆಯಿರುವ ಕಾರ್ಬೊಹೈಡ್ರೇಟ್ ಪುಡಿ, ಹಾಕಿ. ಎಷ್ಟು ಕುಡಿಯಬೇಕು ಎಂಬುದಕ್ಕೆ ತಕ್ಕಡಿಯೇ ಉತ್ತರ. ಒಂದು ಗಂಟೆಯ ಸವಾರಿಯ ಮುನ್ನ ಮತ್ತು ನಂತರ ಬೆವರು ಒರೆಸಿಕೊಂಡು ತೂಗಿ. ಇಳಿದ ತೂಕಕ್ಕೆ ನಡುವೆ ಕುಡಿದದ್ದನ್ನು ಸೇರಿಸಿ. ಬರುವುದು ನಿಮ್ಮ ಒಂದು ಗಂಟೆಯ ಬೆವರು. ಅದರ ಮುಕ್ಕಾಲು ಪಾಲು ಕುಡಿದರೆ ಸಾಕು. ಬೆವರಿದ್ದಕ್ಕಿಂತ ಹೆಚ್ಚು ಬರಿ ನೀರು ಕುಡಿಯುವುದು ಅಪಾಯ, ರಕ್ತದ ಸೋಡಿಯಂ ತೆಳುವಾಗುತ್ತದೆ.

ತಿನ್ನುವ ಜಾಗವನ್ನೂ ಮೊದಲೇ ಗೊತ್ತುಮಾಡಿ. ಕಡಿದಾದ ಏರಿನಲ್ಲಿ ಏದುಸಿರು ಬಿಡುತ್ತಾ ಅಗಿಯಲಾಗುವುದಿಲ್ಲ, ಇಳಿಜಾರಿನಲ್ಲಿ ಹ್ಯಾಂಡಲ್‌ನಿಂದ ಕೈ ತೆಗೆಯುವಂತಿಲ್ಲ. ಉಳಿಯುವುದು ಕಣಿವೆಯ ಸಮತಟ್ಟು ಭಾಗ ಮತ್ತು ಏರಿನ ಮೊದಲ ಸೌಮ್ಯ ಕಿಲೋಮೀಟರ್. ಗಟ್ಟಿ ಆಹಾರ ಮೊದಲ ಮೂರ್ನಾಲ್ಕು ಗಂಟೆಗೆ; ಆಮೇಲೆ ದ್ರವ, ಜೆಲ್. ಖಾರವೋ ಉಪ್ಪೋ ಇರುವ ಒಂದು ತಿನಿಸನ್ನು ಕೊನೆಗೆಂದು ಎತ್ತಿಡಿ, ಸಿಹಿ ಬೇಡವೆನ್ನಿಸುವ ಹೊತ್ತು ಬಂದೇ ಬರುತ್ತದೆ.

ಇನ್ನು ಸವಾರಿಯ ದಿನ ಬಲ ಹಾಕುವ ಹದ. ಮೊದಲ ಏರಿನಲ್ಲಿ ಎಲ್ಲರೂ ನಿಮ್ಮನ್ನು ಹಿಂದೆ ಹಾಕುತ್ತಾರೆ. ಹಾಕಲಿ ಬಿಡಿ. ಎಫ್‌ಟಿಪಿಯ ಶೇ. 75ರ ಆಸುಪಾಸಿನಲ್ಲೇ ಹತ್ತಿ, ಕಡಿದಾದ ತುಣುಕುಗಳಲ್ಲೂ ಶೇ. 90 ಮೀರದಿರಿ. ಹದ ಸರಿಯಿದೆ ಎನ್ನುವುದಕ್ಕೆ ಗುರುತು ಏನೆಂದರೆ, ಮೊದಲ ಏರು ತೀರಾ ಸುಲಭವಾಯಿತಲ್ಲ ಎಂಬ ಅಸಮಾಧಾನ. ನಾಡಿಬಡಿತವನ್ನೊಂದೇ ನಂಬಬೇಡಿ. ಬಿಸಿಲಿಗೆ, ನೀರು ಕಡಿಮೆಯಾದಂತೆ ಅದೇ ಶಕ್ತಿಗೆ ಬಡಿತ ಏರುತ್ತಾ ಹೋಗುತ್ತದೆ. ಎರಡು ಸಾವಿರ ಮೀಟರ್ ದಾಟಿದ ಮೇಲೆ ಆಮ್ಲಜನಕ ತೆಳುವಾಗಿ ಶಕ್ತಿಯೇ ಇಳಿಯುತ್ತದೆ. ಅಲ್ಲಿ ತಗ್ಗಿನಲ್ಲಿ ಹಾಕುತ್ತಿದ್ದ ವ್ಯಾಟ್‌ಗಳನ್ನು ಬೆನ್ನಟ್ಟಿದರೆ ಬೇಗ ಸೋಲುತ್ತೀರಿ.

ಗಡುವಿನ ಲೆಕ್ಕವನ್ನೂ ಹಿಂದಿನಿಂದ ಹಾಕಿ. ದಣಿದ ಸವಾರ, 160 ವ್ಯಾಟ್, ಶೇ. 8: ಗಂಟೆಗೆ 650 ಮೀಟರ್ ಎತ್ತರ. ಕೊನೆಯ ಏರು 1,100 ಮೀಟರ್ ಇದ್ದರೆ ಒಂದು ಗಂಟೆ ನಲವತ್ತು ನಿಮಿಷ ಬೇಕು. ಅದರ ಬುಡಕ್ಕೆ ಎಷ್ಟು ಹೊತ್ತಿಗೆ ಬಂದಿರಬೇಕು, ಅದಕ್ಕೂ ಹಿಂದಿನ ಘಾಟಿಯ ತುದಿಯಲ್ಲಿ ಎಷ್ಟು ಹೊತ್ತಿಗೆ ಇರಬೇಕು ಎಂದು ಚೀಟಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಳ್ಳಿ. ಸಮಯ ಉಳಿಸಬೇಕಾದ್ದು ಕಣಿವೆಯಲ್ಲಿ. ಅಲ್ಲಿ ಗುಂಪಿನ ಹಿಂದೆ ಸೇರಿಕೊಂಡರೆ ಅದೇ ವೇಗಕ್ಕೆ ಬಹಳ ಕಡಿಮೆ ಶ್ರಮ. ಒಬ್ಬರೇ ಗಾಳಿ ಸೀಳುತ್ತಾ ಹೋಗುವುದಕ್ಕಿಂತ ಎರಡು ನಿಮಿಷ ಕಾದು ಗುಂಪು ಹಿಡಿಯುವುದು ಲಾಭ. ಗಂಟೆಗೆ ಹತ್ತು ಕಿ.ಮೀ. ವೇಗದ ಏರಿನಲ್ಲಿ ಮಾತ್ರ ಆ ಲಾಭ ಇಲ್ಲವೆನ್ನುವಷ್ಟು ಅಲ್ಪ. ಅಲ್ಲಿ ಪಕ್ಕದವರ ವೇಗಕ್ಕೆ ಜೋತುಬೀಳಬೇಡಿ.

ಇಳಿಜಾರು. ಎಂಬತ್ತು ಕಿಲೋ ತೂಕ ಸಾವಿರ ಮೀಟರ್ ಇಳಿಯುವಾಗ ಸುಮಾರು 785 ಕಿಲೋಜೂಲ್ ಶಕ್ತಿ ಎಲ್ಲೋ ಕರಗಬೇಕು. ಅದು ಹೋಗುವುದು ಮುಖ್ಯವಾಗಿ ಎರಡೇ ಕಡೆ, ಗಾಳಿಗೆ ಅಥವಾ ಬ್ರೇಕ್‌ಗೆ. ಹೆದರಿ ಮೇಲಿಂದ ಕೆಳಗಿನವರೆಗೂ ಬ್ರೇಕ್ ಸವರಿಕೊಂಡೇ ಇಳಿಯುವವರಲ್ಲಿ ವೇಗ ಕಡಿಮೆಯಾದ್ದರಿಂದ ಗಾಳಿ ಏನೂ ಹೊರುವುದಿಲ್ಲ, ಇಡೀ ಶಾಖ ಬ್ರೇಕ್‌ಗೇ ಬೀಳುತ್ತದೆ. ರಿಮ್ ಬ್ರೇಕ್ ಆದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು, ಕಾರ್ಬನ್ ರಿಮ್ ಹಾಳಾಗಬಹುದು. ಡಿಸ್ಕ್ ಆದರೆ ಪ್ಯಾಡ್ ಮೇಲ್ಮೈ ಗಾಜಿನಂತೆ ನುಣುಪಾಗಿ ಕಿರುಚುತ್ತದೆ, ಹಿಡಿತ ಹೋಗುತ್ತದೆ; ಬ್ರೇಕ್‌ನೊಳಗಿನ ಡಾಟ್ ದ್ರವ ಹಳೆಯದಾಗಿ ನೀರು ಹೀರಿಕೊಂಡಿದ್ದರೆ ಕುದಿದು ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ.

ಸರಿಯಾದ ಕ್ರಮ ಹೀಗೆ. ನೇರ ರಸ್ತೆಯಲ್ಲಿ ಬ್ರೇಕ್ ಬಿಡಿ, ಮೈ ಎತ್ತಿ ಕೂತು ಎದೆಗೆ ಗಾಳಿ ಹೊಡೆಯಲು ಬಿಡಿ. ಹ್ಯಾಂಡಲ್‌ನ ಕೆಳಬಾಗಿನಲ್ಲಿ ಕೈ ಇಟ್ಟು, ತಿರುವಿನ ಮುನ್ನ, ಸೈಕಲ್ ಇನ್ನೂ ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಎರಡು ಮೂರು ಸೆಕೆಂಡ್ ಗಟ್ಟಿಯಾಗಿ ಒತ್ತಿ, ಬಿಡಿ. ತಿರುವಿನೊಳಗೆ ಹೊರಬದಿಯ ಪೆಡಲ್ ಕೆಳಗಿರಲಿ, ಮೈಭಾರ ಅದರ ಮೇಲಿರಲಿ, ಕಣ್ಣು ತಿರುವು ಮುಗಿಯುವ ಕಡೆ. ವಾಲಿದಾಗ ಮುಂದಿನ ಬ್ರೇಕ್ ಹಿಡಿದರೆ ಗಾಲಿ ಜಾರುವುದು ಖಚಿತವೆಂದೇ ತಿಳಿಯಿರಿ, ರಸ್ತೆ ಒದ್ದೆಯಿದ್ದರಂತೂ ಮುಗಿಯಿತು. ಪ್ಯಾಡ್‌ನ ಉಜ್ಜುಪದರ ಒಂದು ಮಿಲಿಮೀಟರ್‌ಗೆ ಬಂದಿದ್ದರೆ ಸವಾರಿಗೆ ಮುನ್ನವೇ ಬದಲಿಸಿ. ಹೊಸ ಪ್ಯಾಡ್‌ಗೆ ಇಪ್ಪತ್ತು ಸಲ ವೇಗದಿಂದ ನಡಿಗೆಯ ವೇಗಕ್ಕೆ ಇಳಿಸಿ ಹದ ಕೂರಿಸಿ. ಹಿಂದಿನ ರಾತ್ರಿ ಹಾಕಿದ ಹೊಸ ಪ್ಯಾಡ್ ಮೊದಲ ಇಳಿಜಾರಿನಲ್ಲಿ ಅರ್ಧವೂ ಹಿಡಿಯುವುದಿಲ್ಲ.

ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರ್‌ಗೆ ಆರೇಳು ಡಿಗ್ರಿ ತಾಪ ಇಳಿಯುತ್ತದೆ. ಬೆವರಿನಲ್ಲಿ ತೊಯ್ದ ಮೈಗೆ ಐವತ್ತರ ವೇಗದ ಗಾಳಿ ಹೊಡೆದರೆ ಬೆರಳು ಮರಗಟ್ಟಿ ಲಿವರ್ ಒತ್ತಲಾಗುವುದಿಲ್ಲ. ಗಾಳಿ ತಡೆಯುವ ತೆಳು ಜಾಕೆಟ್, ಪೂರ್ತಿ ಬೆರಳಿನ ಕೈಗವಸು ಜೊತೆಯಲ್ಲಿರಲಿ. ಘಾಟಿಯ ತುದಿಯಲ್ಲಿ ನಿಂತು ಹಾಕಿಕೊಂಡೇ ಇಳಿಯಿರಿ.

ಸಲಕರಣೆಯ ಬಗ್ಗೆ ಚುಟುಕಾಗಿ. ಚೈನ್ ಸವೆತ ಹನ್ನೊಂದು, ಹನ್ನೆರಡು ಸ್ಪೀಡ್ (ಹಿಂದಿನ ಹಲ್ಲುಚಕ್ರಗಳ ಸಂಖ್ಯೆ)‌ನಲ್ಲಿ ಶೇ. 0.5 ಮುಟ್ಟಿದರೆ ಬದಲಿಸಿ. ಸವಾರಿಗೆ ಎರಡು ವಾರ ಮೊದಲು, ಹಿಂದಿನ ದಿನ ಬೇಡ. ಟೈರ್ 28 ಮಿ.ಮೀ., ಸವಾರ 75 ಕಿಲೋ ಇದ್ದರೆ ಗಾಳಿಯ ಒತ್ತಡ 65ರಿಂದ 72 ಪಿಎಸ್‌ಐ ಸಾಕು. ಟ್ಯೂಬ್‌ಲೆಸ್‌ನ ಸೀಲಂಟ್, ಅಂದರೆ ತೂತು ಮುಚ್ಚುವ ದ್ರವ, ಕೆಲವೇ ತಿಂಗಳಲ್ಲಿ ಒಣಗುತ್ತದೆ, ಹೊಸದು ಹಾಕಿ. ಜೊತೆಗೆ ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪಂಪ್, ಚೈನ್ ಕತ್ತರಿಸುವ ಉಪಕರಣ, ನಿಮ್ಮ ಸ್ಪೀಡ್‌ಗೆ ಹೊಂದುವ, ತುಂಡಾದ ಚೈನ್ ಸೇರಿಸುವ ಕ್ವಿಕ್ ಲಿಂಕ್, ಸೀಳಿದ ಟೈರ್‌ಗೆ ಒಳಗಿಂದ ಇಡಲು ಒಂದು ತೇಪೆ. ಶೂವನ್ನು ಪೆಡಲ್‌ಗೆ ಕಚ್ಚಿಸುವ ಕ್ಲೀಟ್‌ನ ಬೋಲ್ಟ್‌ಗಳನ್ನು 5ರಿಂದ 6 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಸೀಟಿನ ಎತ್ತರ, ಶೂ, ಚಡ್ಡಿ ಯಾವುದನ್ನೂ ಕೊನೆಯ ನಾಲ್ಕು ವಾರ ಬದಲಿಸಬೇಡಿ.

ಮಾತಿನ ಕೊನೆಗೆ ಕೇಳಿಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತಿದ್ದೇನೆ.

"ಉದ್ದದ ಏರಿನಲ್ಲಿ ಅಂಗಾಲು ಉರಿಯುತ್ತದೆ, ಮೊಣಕಾಲು ನೋಯುತ್ತದೆ. ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ?"

ಅಂಗಾಲಿನ ಉರಿಗೆ ಕಾರಣ ಹೆಚ್ಚಾಗಿ ಬಿಗಿಯಾದ ಶೂ. ಶಾಖಕ್ಕೆ ಪಾದ ಊದಿಕೊಳ್ಳುತ್ತದೆ. ಪ್ರತಿ ಏರಿನ ಬುಡದಲ್ಲಿ ಪಟ್ಟಿ ಸ್ವಲ್ಪ ಸಡಿಲಿಸಿ, ಇಳಿಯುವ ಮುನ್ನ ಮತ್ತೆ ಬಿಗಿ ಮಾಡಿ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿದೆಯೇ, ಗೇರ್ ಭಾರವಿದೆಯೇ ನೋಡಿ. ಹಿಂಭಾಗವಾದರೆ ಸೀಟು ಎತ್ತರವಿರಬಹುದು. ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಸವಾರಿಯ ನಡುವೆ ನುಂಗಬೇಡಿ. ನೀರು ಕಡಿಮೆಯಾದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹೊರೆ.

"ಕೊನೆಯ ಏರಿನ ನಡುವೆ ಕಾಲೇ ಏಳದಿದ್ದರೆ?"

ಮೊದಲು ಹಸಿವೋ ಬಿಸಿಲೋ ಎಂದು ಗುರುತಿಸಿ. ತಲೆ ಹಗುರ, ಕೈನಡುಕ, ಏನೂ ಬೇಡವೆನ್ನುವ ಮನಸ್ಸು ಇದ್ದರೆ ಅದು ಸಕ್ಕರೆ ತೀರಿದ ಲಕ್ಷಣ. ಇಳಿದು ನೆರಳಿನಲ್ಲಿ ಕೂತು 40ರಿಂದ 50 ಗ್ರಾಂ ಕಾರ್ಬೊಹೈಡ್ರೇಟ್ ತೆಗೆದುಕೊಳ್ಳಿ, ನೀರು ಗುಟುಕರಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಅತಿ ಹಗುರ ಗೇರ್‌ನಲ್ಲಿ ಹೊರಡಿ. ಅಷ್ಟು ಹೊತ್ತು ಚೀಟಿಯ ಲೆಕ್ಕದಲ್ಲಿ ಮೊದಲೇ ಇಟ್ಟುಕೊಂಡಿರಿ. ಆದರೆ ಬಿಸಿಲಿನಲ್ಲೂ ಮೈ ಜುಮ್ಮೆಂದು ಚಳಿ ಹತ್ತಿದರೆ, ವಾಂತಿಯಾದರೆ, ಸೈಕಲ್ ತೂರಾಡತೊಡಗಿದರೆ, ಮಾತು ತಡವರಿಸಿದರೆ ಅದು ಶಾಖಾಘಾತ. ಅಲ್ಲಿಗೆ ಸವಾರಿ ನಿಲ್ಲಿಸಿ. ಹೆಲ್ಮೆಟ್, ಜರ್ಸಿ ತೆಗೆದು ಮೈಮೇಲೆಲ್ಲ ನೀರು ಸುರಿಸಿ, ಗಾಳಿ ಹಾಕಿಸಿ, ವೈದ್ಯಕೀಯ ವಾಹನ ಕರೆಸಿ. ಪಕ್ಕದ ಸವಾರನಲ್ಲಿ ಈ ಲಕ್ಷಣ ಕಂಡರೆ ಆತ "ನಾನು ಚೆನ್ನಾಗಿದ್ದೇನೆ" ಎಂದರೂ ಬಿಟ್ಟುಹೋಗಬೇಡಿ. ಆ ಸ್ಥಿತಿಯಲ್ಲಿರುವವರಿಗೆ ತಮ್ಮ ಸ್ಥಿತಿ ತಮಗೇ ತಿಳಿಯುವುದಿಲ್ಲ.